ಮುನಿರಾಬಾದಿನ ನೀರಲ್ಲಿ ಬ್ರೂಕ್ ಟ್ರೌಟ್ ಯಾಕೆ ಬದುಕಲ್ಲ?

ನಮ್ಮಕ್ಕನ ಮಗ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಬೇಸಿಗೆ ಬಂತೆಂದರೆ ಟೆಂಟು, ಒಲೆ, ಗಾಳ ಎಲ್ಲವನ್ನೂ ಬೆನ್ನಿಗೆ ಹೇರಿಕೊಂಡು ಬೆಟ್ಟ ಹತ್ತುತ್ತಾನೆ. 10,000 ಅಡಿಗೂ ಮೇಲಿರುವ ಕೆರೆಗಳಲ್ಲಿ ಬ್ರೂಕ್ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವ ಹುಚ್ಚು ಅವನಿಗೆ. ಅವನು ಕಳಿಸಿದ ಫೋಟೊವನ್ನು ತುಂಗಭದ್ರಾ ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿ ಹರಿಗೋಲು ಹಾಕುವ ಹಿರಿಯರೊಬ್ಬರಿಗೆ ತೋರಿಸಿದೆ. ಕಡುಹಸಿರು ಬೆನ್ನು, ಅದರ ತುಂಬ ಅಂಕುಡೊಂಕು ತಿಳಿ ಗೆರೆ. ಪಕ್ಕೆಯಲ್ಲಿ ಕೆಂಪು ಚುಕ್ಕಿ, ಚುಕ್ಕಿಯ ಸುತ್ತ ನೀಲಿ ಬಳೆ. ಕೆಳಗಿನ ರೆಕ್ಕೆಗಳಿಗೆ ಬಿಳಿ ಅಂಚು, ಅದರ ಪಕ್ಕದಲ್ಲೇ ಒಂದು ಕಪ್ಪು ಗೆರೆ. "ಭಾಳ ಚಂದ ಐತಲ್ರಿ! ನಮ್ಮ ಡ್ಯಾಮಿನಾಗ ಬಿಟ್ರ ಬದುಕ್ತೈತೇನ್ರಿ?" ಅಂದರು.

ಬದುಕಲ್ಲ. ಈ ಮೀನಿಗೆ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರದಾಟ ಶುರು. 25ರ ಆಸುಪಾಸಿನಲ್ಲಿ ಕೆಲವು ದಿನ ಕಳೆಯಬೇಕಾಗಿ ಬಂದರೆ ಸಾವೇ ಗತಿ. ನಮ್ಮ ಬಿಸಿಲಿಗೆ ಡ್ಯಾಮಿನ ಮೇಲಿನ ನೀರು ಎಷ್ಟು ಕಾಯುತ್ತದೆ ಅಂತ ಕೊಪ್ಪಳ, ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಅನ್ನೋದು. ಮಾತು ನಿಜ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆದರೆ ಇದು ಅರ್ಧ ಕತೆ ಅಷ್ಟೇ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ ಅಲ್ವಾ? 3,000 ಮೀಟರ್ ಎತ್ತರದಲ್ಲಿ ಒತ್ತಡ ಸಮುದ್ರಮಟ್ಟದ ಶೇ. 70ರಷ್ಟು. ನೀರಿಗೆ ಇಳಿಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಲೆಕ್ಕ ಹಾಕಿದರೆ ಆ ತಣ್ಣನೆಯ ಬೆಟ್ಟದ ಕೆರೆಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಹತ್ತಿರ ಬರುತ್ತದೆ. 1,633 ಅಡಿ ಎತ್ತರದ ನಮ್ಮ ತುಂಗಭದ್ರಾ ಜಲಾಶಯದ 30 ಡಿಗ್ರಿ ನೀರಿನಲ್ಲಿ 7 ಮಿಲಿಗ್ರಾಂ. ವ್ಯತ್ಯಾಸ ಇಷ್ಟೇ!

ಹಾಗಾದರೆ ಟ್ರೌಟ್ ಅಲ್ಲಿ ಆರಾಮಾಗಿ ಈಜುತ್ತದೆ, ಇಲ್ಲಿ ಸಾಯುತ್ತದೆ ಅಂದರೆ ಏನರ್ಥ? ಇಬ್ಬರಿಗೆ ಹೆಚ್ಚುಕಡಿಮೆ ಒಂದೇ ಸಂಬಳ, ಒಬ್ಬರ ಮನೆ ಖರ್ಚು ಮಾತ್ರ ನಾಲ್ಕು ಪಟ್ಟು ಅಂದುಕೊಳ್ಳಿ. ಮೀನಿನ ಮೈಗೆ ನಮ್ಮ ಹಾಗೆ ಸ್ವಂತ ಬಿಸಿ ಇಲ್ಲ. ನೀರಿನ ಬಿಸಿಯೇ ಅದರ ಮೈಬಿಸಿ. ನೀರು 10 ಡಿಗ್ರಿ ಏರಿದರೆ ಮೈಯೊಳಗಿನ ರಾಸಾಯನಿಕ ಕೆಲಸಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ 10ರಿಂದ 30ಕ್ಕೆ ಹೋದರೆ ನಾಲ್ಕು ಪಟ್ಟು. ಅಷ್ಟು ಆಮ್ಲಜನಕ ಒದಗಿಸಲು ಟ್ರೌಟಿನ ಕಿವಿರು, ಹೃದಯಗಳ ಕೈಲಿ ಆಗಲ್ಲ. ಅದಕ್ಕೂ ಎಷ್ಟೋ ಮೊದಲೇ ಸೋಲುತ್ತವೆ.

ನಮ್ಮ ಕೊರವ ಮೀನು ಇದಕ್ಕೆ ಬೇರೆಯದೇ ದಾರಿ ಕಂಡುಕೊಂಡಿದೆ. ಕಿವಿರಿನ ಮೇಲ್ಭಾಗದ ಗೂಡಿನಲ್ಲಿ ಗಾಳಿ ಹಿಡಿಯುವ ಅಂಗವೊಂದಿದೆ. ಆಗಾಗ ಮೇಲೆ ಬಂದು ಬಾಯ್ತುಂಬ ಗಾಳಿ ಎಳೆದುಕೊಂಡು ಹೋಗುತ್ತದೆ. ಮೇಲೆ ಬರಲು ಬಿಡದಿದ್ದರೆ ನೀರೊಳಗೇ ಉಸಿರುಕಟ್ಟಿ ಸಾಯುತ್ತದೆ, ಮೀನಾಗಿಯೂ! ಸಂತೆಯಲ್ಲಿ ಕೊರವ ಮೀನನ್ನು ಬುಟ್ಟಿಯಲ್ಲಿ ಜೀವಂತ ಇಟ್ಟು ಮಾರಲು ಸಾಧ್ಯವಾಗುವುದು ಇದರಿಂದಲೇ.

ಗಾಳ ಹಾಕುವವರ ಟೈಂಟೇಬಲ್ ಕೂಡ ಇದೇ ಬಿಸಿಯ ಲೆಕ್ಕದ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಆಳವಾದ ಕೆರೆಯ ಮೇಲಿನ ಪದರ ಕಾಯುತ್ತದೆ. ತಣ್ಣೀರು ಭಾರ, ಅದು ಕೆಳಗೇ ಉಳಿಯುತ್ತದೆ. ಮಧ್ಯಾಹ್ನ ಮೀನು ಆಳಕ್ಕೆ ಇಳಿದಿರುತ್ತದೆ. ನಸುಕಿನಲ್ಲಿ, ಸಂಜೆ ತಂಪು ಹೊತ್ತಿನಲ್ಲಿ ಹುಳು ತಿನ್ನಲು ದಡದ ಕಡೆ ಬರುತ್ತದೆ. ಅದಕ್ಕೇ ಇವರು ರಾತ್ರಿ ಅಲ್ಲೇ ಟೆಂಟು ಹಾಕುವುದು. ಒಂದೇ ದಿನಕ್ಕೆ ಹತ್ತಿ ಇಳಿದರೆ ಒಳ್ಳೆ ಹೊತ್ತೆಲ್ಲ ನಡಿಗೆಯಲ್ಲೇ ಮುಗಿಯುತ್ತದೆ. ನನ್ನ ಅಳಿಯನ ಚೀಲದಲ್ಲಿ ಥರ್ಮಾಮೀಟರೂ ಇರುತ್ತದೆ. ನೀರು 20 ಡಿಗ್ರಿ ಹತ್ತಿರ ಬಂದಿದ್ದರೆ ಗಾಳ ಮಡಚಿಡುತ್ತಾನೆ. ಬೆಚ್ಚನೆಯ ನೀರಿನಲ್ಲಿ ಒದ್ದಾಡಿ ದಣಿದ ಟ್ರೌಟನ್ನು ವಾಪಸ್ ಬಿಟ್ಟರೂ ಅದು ಚೇತರಿಸಿಕೊಳ್ಳುವುದು ಕಷ್ಟ.

ಚಳಿಗಾಲದಲ್ಲಿ ಈ ಪದರ ತಲೆಕೆಳಗಾಗುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಹಾಗಾಗಿ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ ಮೀನು ಬದುಕಿರುತ್ತದೆ. ಕೆರೆಯ ಆಳ ತೀರಾ ಕಡಿಮೆಯಿದ್ದರೆ ಮಾತ್ರ ವಸಂತದ ಹೊತ್ತಿಗೆ ಆಮ್ಲಜನಕ ಖಾಲಿಯಾಗಿ ಸಾಯುವುದುಂಟು.

ಇಷ್ಟು ನಾಜೂಕಿನ ಮೀನು ಅಂತ ಕನಿಕರಪಡುವ ಮೊದಲು ಇನ್ನೊಂದು ವಿಷಯ. ಬ್ರೂಕ್ ಟ್ರೌಟ್ ಉತ್ತರ ಅಮೆರಿಕದ ಪೂರ್ವಭಾಗದ್ದು. ಪಶ್ಚಿಮದ ಎತ್ತರದ ಕೆರೆಗಳಲ್ಲಿ ಎಷ್ಟೋ ಕಡೆ ಮೀನೇ ಇರಲಿಲ್ಲ, ಜಲಪಾತಗಳು ದಾರಿ ತಡೆದಿದ್ದವು. 19ನೇ ಶತಮಾನದ ಕೊನೆಯ ಭಾಗದಿಂದ ಜನ ಹೇಸರಗತ್ತೆಗಳ ಮೇಲೆ ಕ್ಯಾನು ಹೇರಿ ಟ್ರೌಟ್ ಮರಿಗಳನ್ನು ಒಯ್ದು ಬಿಟ್ಟರು. ಆಮೇಲೆ ವಿಮಾನದಿಂದಲೂ ಸುರಿದರು. ಬೇರೆ ಟ್ರೌಟುಗಳಿಗೆ ಮೊಟ್ಟೆ ಇಡಲು ಸಾಮಾನ್ಯವಾಗಿ ಹರಿಯುವ ನೀರು ಬೇಕು. ಇದಕ್ಕೆ ಕೆರೆಯ ತಳದಲ್ಲಿ ಜಲ್ಲಿಯ ನಡುವೆ ಒರತೆ ಜಿನುಗುತ್ತಿದ್ದರೂ ಸಾಕು. ಹೀಗೆ ಸಂತಾನ ವಿಪರೀತ ಬೆಳೆದ ಕೆರೆಗಳಲ್ಲಿ ಮೇವು ಸಾಲದೆ ದೊಡ್ಡ ತಲೆ, ಬಡಕಲು ಮೈಯ ಗಿಡ್ಡ ಮೀನುಗಳೇ ಸಿಗುತ್ತವೆ.

ಇದರ ಏಟು ಬಿದ್ದದ್ದು ಕಪ್ಪೆಗಳಿಗೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹಳದಿ ಕಾಲಿನ ಒಂದು ಕಪ್ಪೆ ಇದೆ. ಅಲ್ಲಿನ ಚಳಿಗೆ ಅದರ ಗೊದಮೊಟ್ಟೆ ಕಪ್ಪೆಯಾಗಲು ಎರಡು ಮೂರು ವರ್ಷ ಬೇಕು. ಅಷ್ಟು ಕಾಲ ತಳದವರೆಗೆ ಹೆಪ್ಪುಗಟ್ಟದ ಆಳದ ಕೆರೆಯೇ ಆಗಬೇಕು. ಟ್ರೌಟ್ ಬಿಟ್ಟದ್ದೂ ಅಂಥ ಕೆರೆಗಳಿಗೇ. ಗೊದಮೊಟ್ಟೆಗಳು ಮೀನಿನ ಹೊಟ್ಟೆ ಸೇರಿದವು. ಕೆಲವು ಕೆರೆಗಳಲ್ಲಿ ವಿಜ್ಞಾನಿಗಳು ಬಲೆ ಹಾಕಿ ಟ್ರೌಟನ್ನು ಪೂರ್ತಿ ತೆಗೆದುಹಾಕಿದಾಗ ಕಪ್ಪೆಗಳು ಕೆಲವೇ ವರ್ಷಗಳಲ್ಲಿ ಮತ್ತೆ ಹೆಚ್ಚಿದವು. ಹಾಕಿದ್ದು ಕಿವಿರು ಸಿಕ್ಕಿಕೊಳ್ಳುವ ಬಲೆ, ತುಂಗಭದ್ರೆಯಲ್ಲಿ ನಮ್ಮವರು ಬಿಡುವಂಥದ್ದೇ.

ಕೊಲೊರಾಡೊದ ನಿಯಮ ನೋಡಿದರೆ ಅಲ್ಲಿನ ಸರ್ಕಾರದ ಮನಸ್ಸೂ ಗೊತ್ತಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 4 ಟ್ರೌಟ್ ಇಟ್ಟುಕೊಳ್ಳಬಹುದು. 8 ಇಂಚು ಮೀರದ ಬ್ರೂಕ್ ಟ್ರೌಟ್ ಆದರೆ ಅದರ ಮೇಲೆ ಇನ್ನೂ 10. ಹುಡುಗ ಅದನ್ನು ಅಕ್ಕ ಕಳಿಸಿದ ಖಾರದಪುಡಿ ಹಚ್ಚಿ ಹುರಿಯುತ್ತಾನಂತೆ.