ಪೋಸ್ಟ್ ಹಾಕಿದಿರಿ, ದೂರು ಕೊಟ್ಟಿರಾ?

ಲಿಂಕ್ಡ್‌ಇನ್‌ನಲ್ಲಿ ಮ್ಯಾನೇಜರನ ಹೆಸರು ಹಾಕಿ ಆತ ಕೊಟ್ಟ ಲೈಂಗಿಕ ಕಿರುಕುಳದ ಬಗ್ಗೆ ಬರೆದಾಯಿತು, ನೂರಾರು ಜನ ಹಂಚಿಕೊಂಡರು, ಎಚ್‌ಆರ್‌ನವರೂ ಓದಿದರು. ಇನ್ನೇನು, ಕಂಪನಿಯೇ ವಿಚಾರಣೆ ಶುರುಮಾಡುತ್ತದೆ ಅಂದುಕೊಂಡು ಐಟಿಯ ಹೆಣ್ಣುಮಕ್ಕಳು ಕಾಯುತ್ತಾರೆ. ಎಷ್ಟು ಸಲ ಹೇಳಿದರೂ ಇದೇ ತಪ್ಪು.

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಪೋಶ್ ಕಾಯ್ದೆಯ ಪ್ರಕಾರ ದೂರು ಎಂದರೆ ಆಂತರಿಕ ಸಮಿತಿಗೆ, ಅಂದರೆ ಇಂಥ ದೂರು ವಿಚಾರಿಸಲು ಕಂಪನಿಯಲ್ಲೇ ಇರುವ ಸಮಿತಿಗೆ, ಬರವಣಿಗೆಯಲ್ಲಿ ಕೊಟ್ಟದ್ದು. ಘಟನೆಯ ದಿನದಿಂದ ಮೂರು ತಿಂಗಳೊಳಗೆ ಕೊಡಬೇಕು. ಕಿರುಕುಳ ಹಲವು ಸಲ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ಕಾರಣ ಸರಿ ಅನ್ನಿಸಿದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ನಿಮ್ಮ ಪೋಸ್ಟ್ ಎಷ್ಟೇ ಓಡಾಡಲಿ, ಈ ದಿನಗಳ ಎಣಿಕೆ ನಿಲ್ಲುವುದಿಲ್ಲ. ಎಚ್‌ಆರ್ ಓದಿದರೂ ನಿಲ್ಲುವುದಿಲ್ಲ. ಸಿಇಒ ಬಂದು 'ವಿಷಾದವಿದೆ' ಎಂದು ಕಾಮೆಂಟ್ ಹಾಕಿದರೂ ನಿಲ್ಲುವುದಿಲ್ಲ.

ಹಾಗಂತ ಬಹಿರಂಗವಾಗಿ ಮಾತಾಡುವುದೇ ತಪ್ಪಲ್ಲ. ತಮಗಾದ ಕಿರುಕುಳವನ್ನು ಬಹಿರಂಗವಾಗಿ ಹೇಳಿದ ಪತ್ರಕರ್ತೆ ಪ್ರಿಯಾ ರಮಣಿ ಮೇಲಿನ ಮಾನನಷ್ಟ ಮೊಕದ್ದಮೆಯಲ್ಲಿ ದೆಹಲಿಯ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಅವರನ್ನು ಖುಲಾಸೆ ಮಾಡಿತು. ದಶಕಗಳ ನಂತರವೂ ಯಾವ ವೇದಿಕೆಯಲ್ಲಾದರೂ ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದಿತು. ಅದು ವಿಚಾರಣಾ ನ್ಯಾಯಾಲಯದ ತೀರ್ಪು, ಅದಕ್ಕೂ ಎರಡು ವರ್ಷಕ್ಕೂ ಮಿಕ್ಕಿ ಅಲೆದಾಟವಾಯಿತು ಎಂಬುದೂ ನೆನಪಿರಲಿ.

ಉಬರ್ ವಿರುದ್ಧ ಅಲ್ಲಿ ಎಂಜಿನಿಯರ್ ಆಗಿದ್ದ ಸೂಸನ್ ಫೌಲರ್ 2017ರಲ್ಲಿ ಬರೆದದ್ದನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಕಿರುಕುಳ ಕೊಟ್ಟ ಮ್ಯಾನೇಜರನ ಹೆಸರು ಅಲ್ಲಿಲ್ಲ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದು ಮೊದಲು ಎಚ್‌ಆರ್‌ಗೆ ಕೊಟ್ಟಿದ್ದರು. ಆಮೇಲಿನ ಬರಹದ ಏಟು ಬಿದ್ದದ್ದು ಎಚ್‌ಆರ್ ನಡೆದುಕೊಂಡ ರೀತಿಗೆ. ಅದೇ ವರ್ಷದ ಜೂನ್‌ನಲ್ಲಿ ಸಿಇಒ ಟ್ರಾವಿಸ್ ಕಲಾನಿಕ್ ರಾಜೀನಾಮೆ ಕೊಟ್ಟರು.

ಪೋಸ್ಟ್‌ನಲ್ಲಿ ಘಟನೆ ನಡೆದದ್ದು 'ನವೆಂಬರ್', ದೂರಿನಲ್ಲಿ 'ಡಿಸೆಂಬರ್' ಎಂದಿದ್ದರೆ ಎದುರು ಪಕ್ಷ ಹಿಡಿಯುವುದು ಅದನ್ನೇ. ಹಾಗಾಗಿ ಮೊದಲು ದೂರು ಬರೆಯಿರಿ: ದಿನಾಂಕ, ಜಾಗ, ಆಡಿದ ಮಾತು, ಸಾಕ್ಷಿಗಳ ಹೆಸರು ಮತ್ತು ವಿಳಾಸ. ನಿಯಮದ ಪ್ರಕಾರ ಆರು ಪ್ರತಿ. ದೂರು ಕೊಟ್ಟ ಮೇಲೆ ಅದರ ಒಕ್ಕಣೆ, ಸಾಕ್ಷಿಗಳ ಹೆಸರು ಹೊರಗೆ ಹೋಗುವಂತಿಲ್ಲ, ಕಾಯ್ದೆಯ 16ನೇ ಕಲಂ ತಡೆಯುತ್ತದೆ. 'ಸಪೋರ್ಟ್' ಮಾಡುವ ಸಹೋದ್ಯೋಗಿಗಳು ಎಡವುವುದು ಇಲ್ಲೇ. ವಿಚಾರಣೆ ಮುಗಿಯುವ ಮೊದಲೇ ಆರೋಪ ಹೊತ್ತವನನ್ನು ಅಪರಾಧಿ ಅಂದುಬಿಡುತ್ತಾರೆ, ಲಾಯರ್ ನೋಟಿಸ್ ಬಂದ ದಿನ ಪೋಸ್ಟ್ ಅಳಿಸುತ್ತಾರೆ.

ಕೆಲಸ ಬಿಡುವ ಯೋಚನೆಯಿದ್ದರೆ ಇನ್ನೂ ಬೇಗ ದೂರು ಕೊಡಿ. ಕೊನೆಯ ದಿನ ಸಂಜೆ ಲಾಗಿನ್ ಹೋದರೆ ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ನ ಸಂದೇಶಗಳೂ ನಿಮ್ಮ ಕೈಗೆ ಸಿಗವು. ಕಂಪನಿಯ ಡೇಟಾವನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಲು ಹೋಗಿ ಇನ್ನೊಂದು ತಾಪತ್ರಯ ತಂದುಕೊಳ್ಳಬೇಡಿ. ಚಾನೆಲ್ ಹೆಸರು, ದಿನ, ಸಮಯವನ್ನು ದೂರಿನಲ್ಲೇ ಬರೆದು, ಆ ಸಂದೇಶಗಳನ್ನು ತರಿಸಿ ಕಾಪಾಡಿ ಎಂದು ಕೇಳಿ. ದಾಖಲೆ ತರಿಸಿಕೊಳ್ಳಲು ಸಿವಿಲ್ ನ್ಯಾಯಾಲಯಕ್ಕಿರುವ ಅಧಿಕಾರ ಸಮಿತಿಗೂ ಇದೆ.