2018ರ ಕ್ರಾಂತಿಯೇ ಆರ್ಮೇನಿಯಾವನ್ನು ರಷ್ಯಾದಿಂದ ದೂರ ಮಾಡಿತಾ?

ಓದುಗರ ಪ್ರಶ್ನೆ: ಆರ್ಮೇನಿಯಾದಲ್ಲಿ 2018ರಲ್ಲಿ ಜನ ಬೀದಿಗಿಳಿದು ಸರ್ಕಾರ ಬದಲಿಸಿದರು. ಈಗ ಆ ದೇಶ ಯುರೋಪಿನ ಕಡೆ ವಾಲುತ್ತಿದೆ. ಅಂದರೆ ಅದು ರಷ್ಯಾ ವಿರುದ್ಧದ ಕ್ರಾಂತಿ ಅಲ್ವಾ?

ಅಲ್ಲ. ಕ್ರಾಂತಿಯ ನಂತರ ರಷ್ಯಾದಿಂದ ದೂರ ಸರಿದ ಜಾರ್ಜಿಯಾ, ಉಕ್ರೇನಿನ ಸುದ್ದಿ ಓದಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಇಲ್ಲಿ ಸರ್ಕಾರ ಬಿದ್ದದ್ದು ಒಂದು ಕಾರಣಕ್ಕೆ, ವಿದೇಶಾಂಗ ನೀತಿ ಬದಲಾದದ್ದು ಇನ್ನೊಂದು ಕಾರಣಕ್ಕೆ.

2018ರ ಸಿಟ್ಟು ಪೂರ್ತಿ ಮನೆಯೊಳಗಿನದು. ಸೆರ್ಜ್ ಸರ್ಗ್ಸ್ಯಾನ್ ಹತ್ತು ವರ್ಷ ಅಧ್ಯಕ್ಷರಾಗಿದ್ದರು. ಮತ್ತೆ ಆಗುವಂತಿರಲಿಲ್ಲ. ಅಷ್ಟರಲ್ಲಿ ಸಂವಿಧಾನ ತಿದ್ದುಪಡಿಯಾಗಿ ಅಧಿಕಾರವೆಲ್ಲ ಪ್ರಧಾನಿ ಕುರ್ಚಿಗೆ ಹೋಗಿತ್ತು. ಅವರು ಹೋಗಿ ಆ ಕುರ್ಚಿಯಲ್ಲೇ ಕೂತರು! ಇದನ್ನು ವಿರೋಧಿಸಿ, ಪತ್ರಕರ್ತರಾಗಿದ್ದು ರಾಜಕೀಯಕ್ಕೆ ಬಂದ ನಿಕೋಲ್ ಪಶಿನ್ಯಾನ್ ಗ್ಯುಮ್ರಿ ಪಟ್ಟಣದಿಂದ ರಾಜಧಾನಿ ಯೆರೆವಾನ್ ಕಡೆಗೆ ಕಾಲ್ನಡಿಗೆ ಹೊರಟಿದ್ದರು. ಏಪ್ರಿಲ್ 17ಕ್ಕೆ ಪ್ರಧಾನಿಯಾದ ಸರ್ಗ್ಸ್ಯಾನ್ 23ಕ್ಕೆ ರಾಜೀನಾಮೆ ಕೊಟ್ಟರು. ಮೇ 8ಕ್ಕೆ ಪಶಿನ್ಯಾನ್ ಪ್ರಧಾನಿ. ವಾರದೊಳಗೆ ಸೋಚಿಗೆ ಹೋಗಿ ಪುಟಿನ್ ಅವರನ್ನು ಕಂಡರು. ರಷ್ಯಾ ಜೊತೆಗಿನ ನಂಟು ಹಾಗೇ ಇರುತ್ತದೆ ಅಂತ ಹೇಳಿಯೂ ಬಂದರು.

ಹಾಗಾದರೆ ಆ ನಂಟು ಹಳಸಿದ್ದು ಯಾವಾಗ? ಅದಕ್ಕೆ ಮ್ಯಾಪ್ ನೋಡಬೇಕು. ಸುಮಾರು 30 ಲಕ್ಷ ಜನ, ಸಮುದ್ರ ಇಲ್ಲ. ಎಡಕ್ಕೆ ಟರ್ಕಿ, ಬಲಕ್ಕೆ ಅಜರ್‌ಬೈಜಾನ್. ಎರಡೂ ಗಡಿ ದಶಕಗಟ್ಟಲೆ ಮುಚ್ಚಿಯೇ ಇದ್ದವು. ಇಂಥ ಜಾಗದಲ್ಲಿ ಇರುವವರಿಗೆ ಗಟ್ಟಿ ಕಾವಲುಗಾರ ಬೇಕು. ಆರ್ಮೇನಿಯಾ ರಷ್ಯಾವನ್ನು ನಂಬಿತು, ರಷ್ಯಾ ಮುಂದಾಳಾಗಿರುವ ಆರು ದೇಶಗಳ ರಕ್ಷಣಾ ಕೂಟದಲ್ಲೂ ಸೇರಿತು. ಒಬ್ಬರ ಮೇಲೆ ದಾಳಿಯಾದರೆ ಉಳಿದವರು ಬರಬೇಕು ಅನ್ನುವುದು ಆ ಕೂಟದ ನಿಯಮ.

2020ರಲ್ಲಿ ನಾಗೋರ್ನೋ-ಕರಾಬಾಖ್ ಎಂಬ ಪ್ರದೇಶಕ್ಕಾಗಿ ಅಜರ್‌ಬೈಜಾನ್ ಜೊತೆ 44 ದಿನ ಯುದ್ಧ ನಡೆಯಿತು. ಆರ್ಮೇನಿಯಾ ಸೋತಿತು. ಕೂಟ ಬರಲಿಲ್ಲ. ಆಗ ಕಾನೂನಿನ ನೆಪವಾದರೂ ಇತ್ತು: ಜನ ಆರ್ಮೇನಿಯನ್ನರಾದರೂ ಜಗತ್ತಿನ ಲೆಕ್ಕದಲ್ಲಿ ಆ ನೆಲ ಅಜರ್‌ಬೈಜಾನಿನದು.

ನಿಜವಾದ ಪೆಟ್ಟು 2022ರದ್ದು. ಆ ಜನವರಿಯಲ್ಲಿ ಕಜಕಸ್ತಾನದಲ್ಲಿ ಗಲಭೆಯಾದಾಗ ಕೂಟ ತಕ್ಷಣ ಸೈನ್ಯ ಕಳಿಸಿತು. ಅದನ್ನು ಘೋಷಿಸಿದವರು ಯಾರು ಗೊತ್ತಾ? ಆಗ ಕೂಟದ ಸರದಿ ಅಧ್ಯಕ್ಷರಾಗಿದ್ದ ಪಶಿನ್ಯಾನ್. ಎಂಟು ತಿಂಗಳ ನಂತರ, ಸೆಪ್ಟೆಂಬರಿನಲ್ಲಿ, ಅಜರ್‌ಬೈಜಾನ್ ಆರ್ಮೇನಿಯಾದ ಸ್ವಂತ ನೆಲದ ಮೇಲೆಯೇ ದಾಳಿ ಮಾಡಿತು. ಜೆರ್ಮುಕ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಮೇಲೂ ಶೆಲ್ ಬಿದ್ದವು. ಪಶಿನ್ಯಾನ್ ಸಹಾಯ ಕೇಳಿದರು. ಪರಿಸ್ಥಿತಿ ನೋಡಿಕೊಂಡು ಹೋಗಲು ನಿಯೋಗ ಬಂತು, ಸೈನ್ಯ ಬರಲಿಲ್ಲ. ನನ್ನ ಲೆಕ್ಕದಲ್ಲಿ ನಂಟು ಮುರಿದದ್ದು ಅವತ್ತು. ಮುಂದಿನ ವರ್ಷ ಅಜರ್‌ಬೈಜಾನ್ ಕರಾಬಾಖನ್ನು ಪೂರ್ತಿ ವಶಮಾಡಿಕೊಂಡು, ಅಲ್ಲಿಂದ 1 ಲಕ್ಷಕ್ಕೂ ಜಾಸ್ತಿ ಆರ್ಮೇನಿಯನ್ನರು ಗಂಟುಮೂಟೆ ಕಟ್ಟಿದಾಗ, 2020ರ ಯುದ್ಧದ ನಂತರ ಬಂದಿದ್ದ ರಷ್ಯಾದ ಶಾಂತಿಪಾಲಕರು ಅಲ್ಲೇ ಇದ್ದರು, ನೋಡುತ್ತಾ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. 2024ರ ಫೆಬ್ರವರಿಯಲ್ಲಿ ಪಶಿನ್ಯಾನ್ ಕೂಟದಲ್ಲಿ ಭಾಗವಹಿಸುವುದನ್ನು ನಿಲ್ಲಿಸಿದ್ದೇವೆ ಅಂದರು. ಅದೇ ವರ್ಷ ಯೆರೆವಾನ್ ವಿಮಾನ ನಿಲ್ದಾಣದಿಂದ ರಷ್ಯಾದ ಗಡಿ ಕಾವಲುಗಾರರು ಹೊರಟರು. 2025ರ ಮಾರ್ಚಿನಲ್ಲಿ ಸಂಸತ್ತು ಯುರೋಪಿಯನ್ ಒಕ್ಕೂಟ ಸೇರುವ ಪ್ರಕ್ರಿಯೆ ಶುರುಮಾಡುವ ಕಾನೂನು ಪಾಸು ಮಾಡಿತು. ಶಸ್ತ್ರಕ್ಕೆ ಫ್ರಾನ್ಸ್, ಭಾರತದ ಕಡೆ ತಿರುಗಿತು. ಶತ್ರುವಿನ ಫಿರಂಗಿ ಎಲ್ಲಿದೆ ಅಂತ ಹುಡುಕುವ ಸ್ವಾತಿ ರೇಡಾರನ್ನು ಅವರು ಕೊಂಡದ್ದು ನಮ್ಮಿಂದಲೇ. ಅದನ್ನು ತಯಾರಿಸುವುದು ಬೆಂಗಳೂರಿನ ಬಿಇಎಲ್.

ಹಾಗಂತ ರಷ್ಯಾ ಪೂರ್ತಿ ದೂರವಾಯಿತು ಅಂದುಕೊಳ್ಳಬೇಡಿ. ಮನೆಗೆ ಬರುವ ಗ್ಯಾಸ್ ಬಹುಪಾಲು ಅಲ್ಲಿಯದೇ. ರೈಲ್ವೆ ನಡೆಸುವುದೂ ರಷ್ಯಾದ ಕಂಪನಿ. 2015ರಲ್ಲಿ ಸೇರಿದ, ರಷ್ಯಾ ಮುಂದಾಳಾಗಿರುವ, ಹೊರಗಿನ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕುವ ಕೂಟದಿಂದಲೂ ಆರ್ಮೇನಿಯಾ ಹೊರಬಂದಿಲ್ಲ. ಅದರಲ್ಲಿದ್ದುಕೊಂಡು ಯುರೋಪಿಯನ್ ಒಕ್ಕೂಟಕ್ಕೆ ಸೇರಲು ಬರುವುದಿಲ್ಲ, ಎರಡಕ್ಕೂ ಬೇರೆ ಬೇರೆ ಸುಂಕ. ಇನ್ನು ಪಶಿನ್ಯಾನ್ ನಡಿಗೆ ಶುರುಮಾಡಿದ ಗ್ಯುಮ್ರಿ ಇದೆಯಲ್ಲ, ರಷ್ಯಾದ ಸೇನಾ ನೆಲೆ ಇರುವುದು ಅದೇ ಊರಿನಲ್ಲಿ. ಅದರ ಒಪ್ಪಂದದ ಅವಧಿ 2044ರವರೆಗೆ.