ಮಳೆನೀರಿಗೆ ಅಗಲ ಬೇಡ, ಆಳ ಬೇಕು

ಜೋರು ಮಳೆ ಹೊಡೆದಾಗ ಬಾದಾಮಿಯ ಬಂಡೆ ಮೇಲಿಂದ ನೀರು ಧುಮುಕುವುದನ್ನು ನೀವೂ ನೋಡಿರಬಹುದು. ಅದೇ ಅಕ್ಕ-ತಂಗಿ ಜಲಪಾತ. ಮಳೆ ನಿಂತರೆ ಜಲಪಾತವೂ ಸೊರಗುತ್ತದೆ. ಬಂಡೆ ಮಣ್ಣಿನ ಹಾಗೆ ನೀರು ಕುಡಿಯುವುದಿಲ್ಲ ಅಲ್ವಾ? ಬಿದ್ದದ್ದರಲ್ಲಿ ಬಹುಪಾಲು ಕೆಳಗಿನ ಅಗಸ್ತ್ಯ ತೀರ್ಥಕ್ಕೆ ಇಳಿಯುತ್ತದೆ. 6ನೇ ಶತಮಾನದಲ್ಲಿ ಚಾಲುಕ್ಯರು ಇಲ್ಲಿ ರಾಜಧಾನಿ ಕಟ್ಟಲು ಕೋಟೆಗೆ ಒಗ್ಗುವ ಗುಡ್ಡದಷ್ಟೇ ಈ ನೀರೂ ಕಾರಣ ಇರಬೇಕು ಅಂತ ನನ್ನ ಲೆಕ್ಕ.

ಸ್ವಲ್ಪ ನೀರು ಮೇಲೆಯೇ ಉಳಿಯುತ್ತದೆ, ದೊಣೆಗಳಲ್ಲಿ, ಅಂದರೆ ಬಂಡೆಯಲ್ಲಾದ ತಗ್ಗುಗಳಲ್ಲಿ. ಇದು ಮರಳುಗಲ್ಲು. ಮರಳಿನ ಕಣಗಳು ಒಂದಕ್ಕೊಂದು ಅಂಟಿ ಕಲ್ಲಾಗಿವೆ. ಸಣ್ಣ ತಗ್ಗಿನಲ್ಲಿ ನೀರು ನಿಂತರೆ ಆ ಅಂಟು ನಿಧಾನಕ್ಕೆ ಸಡಿಲವಾಗುತ್ತದೆ. ಉದುರಿದ ಮರಳನ್ನು ಗಾಳಿ, ಮಳೆ ಒಯ್ಯುತ್ತವೆ. ತಗ್ಗು ದೊಡ್ಡದಾದಷ್ಟೂ ನೀರು ಜಾಸ್ತಿ ನಿಲ್ಲುತ್ತದೆ, ನೀರು ನಿಂತಷ್ಟೂ ತಗ್ಗು ಬೆಳೆಯುತ್ತದೆ. ತಳದಲ್ಲಿ ಕೂತ ನುಣ್ಣನೆ ಕೆಸರು ಸಣ್ಣ ಬಿರುಕುಗಳನ್ನೂ ಮುಚ್ಚುತ್ತದೆ. ಕಪ್ಪೆಮರಿಗಳು ಅಲ್ಲೇ ಓಡಾಡುತ್ತವೆ. ನೀರು ಬತ್ತುವುದರೊಳಗೆ ಅವುಗಳಿಗೆ ಕಾಲು ಮೂಡಬೇಕು.

ನಮ್ಮ ಕಡೆ ಮಳೆನೀರಿನ ದೊಡ್ಡ ಶತ್ರು ಬಿಸಿಲು. ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ 7-8 ಮಿ.ಮೀ. ಆವಿಯಾಗುತ್ತದೆ ಅಂತಿಟ್ಟುಕೊಳ್ಳಿ. ಅರ್ಧ ಅಡಿ ಆಳದ ದೊಣೆ ಮೂರೇ ವಾರಕ್ಕೆ ಖಾಲಿ. ಆವಿಯಾಗುವುದು ನೀರಿನ ಮೇಲ್ಮೈಯಿಂದ. ಒಂದು ತಂಬಿಗೆ ನೀರನ್ನು ಅಗಲದ ಪರಾತಕ್ಕೆ ಸುರಿದು ಬಿಸಿಲಿಗಿಟ್ಟು ನೋಡಿ, ಗೊತ್ತಾಗುತ್ತದೆ.

ವಿಜಯಪುರದ ಬಾವಡಿಗಳನ್ನು, ಅಂದರೆ ದೊಡ್ಡ ಬಾವಿಗಳನ್ನು ಕಟ್ಟಿದವರಿಗೆ ಇದು ಚೆನ್ನಾಗಿ ತಿಳಿದಿತ್ತು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ ಆದ ತಾಜ್ ಬಾವಡಿಯಲ್ಲಿ ನೀರು ನೆಲಮಟ್ಟಕ್ಕಿಂತ ಎಷ್ಟೋ ಕೆಳಗಿದೆ. ಸುತ್ತಲೂ ಎತ್ತರದ ಗೋಡೆ. ಹೊತ್ತು ವಾಲಿದರೆ ಗೋಡೆಯ ನೆರಳು ನೀರಿನ ಮೇಲೆ ಬೀಳುತ್ತದೆ, ಬಿಸಿಗಾಳಿ ಅಷ್ಟು ಕೆಳಗೆ ಇಳಿಯುವುದೂ ಕಷ್ಟ.

ಈಗಿನ ಕೃಷಿ ಹೊಂಡಕ್ಕೂ ಇದೇ ಲೆಕ್ಕ: ಅಗಲ ಕಡಿಮೆ, ಆಳ ಜಾಸ್ತಿ. ಜೊತೆಗೆ ಮಣ್ಣಿನ ಗುಣ ನೋಡಬೇಕು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ನೆನೆದರೆ ಉಬ್ಬುತ್ತದೆ, ರಂಧ್ರ ತಾನೇ ಮುಚ್ಚುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುವುದರಿಂದ ಮೊದಲ ಮಳೆ ಮಾತ್ರ ಸೋರುತ್ತದೆ, ಸುಮ್ನೆ ಗಾಬರಿಯಾಗಬೇಡಿ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಾದರೆ ತಾಡಪಾಲು ಹಾಸದೆ ಗತಿಯಿಲ್ಲ. ನಾಯಿ, ಎಮ್ಮೆ ಇಳಿದು ಅದನ್ನು ಹರಿದು ಹಾಕದ ಹಾಗೆ ಬೇಲಿಯೂ ಬೇಕು. ಬಹಳ ಜನ ಮರೆಯುವುದು ಹೂಳನ್ನು. ಹೊಲದಿಂದ ಬರುವ ನೀರು ಮಣ್ಣನ್ನೂ ತರುತ್ತದೆ, ವರ್ಷ ವರ್ಷ ಆಳ ಕಡಿಮೆಯಾಗುತ್ತದೆ. ನೀರು ಬರುವ ಬಾಯಲ್ಲೇ ಒಂದು ಚಿಕ್ಕ ಗುಂಡಿ ತೋಡಿದರೆ ಸಾಕಷ್ಟು ಮಣ್ಣು ಅಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಅದನ್ನು ಎತ್ತಿ ಹೊಲಕ್ಕೇ ಹಾಕಿದರಾಯಿತು.